ಸೀಸದ ವಿಷಕ್ಕೆ ಗಿಡದ ಸಾರ ಮದ್ದಾದೀತೆ?

ಕೇಳುಗರಿಗೆ ನಮಸ್ಕಾರ.

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಭಾಗ ಅದಕ್ಕೇ ಬೇಕು. ಜೊತೆಗೆ, ಆಮ್ಲಜನಕ ತಾಗಿ ಬೇಗ ಕೆಡುವಂಥ ಕೊಬ್ಬೂ ಅಲ್ಲಿ ಧಾರಾಳ. ಈ ಕೆಡುಕನ್ನು ಹೆಚ್ಚಿಸುವ ಸೀಸ, ಪಾದರಸಗಳ ಹಾವಳಿಗೆ ಇಷ್ಟು ಸಾಕು.

ಸೀಸ ಒಳಗೆ ನುಗ್ಗುವುದು ಕ್ಯಾಲ್ಸಿಯಂನ ವೇಷದಲ್ಲಿ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಕ್ಯಾಲ್ಸಿಯಂ ನೆರವಿನಿಂದ; ಅದರ ಜಾಗದಲ್ಲಿ ಸೀಸ ಕೂತರೆ ಆ ಸುದ್ದಿಯೇ ಕೆಡುತ್ತದೆ. ಪಾದರಸದ ದಾರಿ ಬೇರೆ. ಜೀವಕೋಶದ ಕಾವಲಿಗಿರುವ ಗ್ಲುಟಾಥಯೋನ್ ಎಂಬ ವಸ್ತುವಿನ ಗಂಧಕಕ್ಕೆ ಅಂಟಿಕೊಂಡು ಅದನ್ನು ಬರಿದು ಮಾಡುತ್ತದೆ.

ಅರಿಶಿನದ ಕರ್ಕ್ಯುಮಿನ್, ಬೆಳ್ಳುಳ್ಳಿ, ಅಶ್ವಗಂಧ, ಹಸಿರು ಚಹಾ ಇವುಗಳ ಮೇಲೆ ಸಂಶೋಧಕರ ಕಣ್ಣು ಬಿದ್ದದ್ದು ಇಲ್ಲಿಯೇ. ಸಸ್ಯಗಳಲ್ಲಿರುವ ಪಾಲಿಫಿನಾಲ್ ಎಂಬ ರಾಸಾಯನಿಕಗಳಲ್ಲಿ ಕೆಲವು ಲೋಹವನ್ನು ಹಿಡಿದಿಡಬಲ್ಲವು. ಇನ್ನು ಕೆಲವು ಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಚ್ಚರಿಸುತ್ತವೆ. ಲೋಹ ತಿನ್ನಿಸಿದ ಇಲಿಗಳಿಗೆ ಇಂಥ ಸಾರ ಕೊಟ್ಟಾಗ ಮಿದುಳಿನ ಹಾನಿ ತಗ್ಗಿದ್ದು, ನೆನಪಿನ ಪರೀಕ್ಷೆಯಲ್ಲಿ ಅವು ಚುರುಕಾದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ.

ಇಂಥ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಸಾರವನ್ನು ಯಾವಾಗ ಕೊಟ್ಟರು ಎಂಬುದನ್ನು. ಎಷ್ಟೋ ಪ್ರಯೋಗಗಳಲ್ಲಿ ಅದು ಲೋಹದ ಜೊತೆಗೇ, ಇಲ್ಲವೇ ಅದಕ್ಕೂ ಮೊದಲೇ. ಮನುಷ್ಯರ ಕಥೆ ಹಾಗಲ್ಲ. ಸೀಸ ಸೇರಿ ವರ್ಷಗಳಾದ ಮೇಲೆ ಗೊತ್ತಾಗುತ್ತದೆ. ಸಾಲದೆಂಬಂತೆ, ನುಂಗಿದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ತೀರಾ ಅಲ್ಪ.

ಅಮೆರಿಕದಲ್ಲಿ 780 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಸಕ್ಸಿಮರ್ ಎಂಬ ಔಷಧಿ ಮಕ್ಕಳ ರಕ್ತದ ಸೀಸವನ್ನೇನೋ ಇಳಿಸಿತು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಔಷಧಿ ತೆಗೆದುಕೊಳ್ಳದ ಮಕ್ಕಳಿಗಿಂತ ಅವರು ಮುಂದೆ ಬರಲಿಲ್ಲ. ಲೋಹವನ್ನು ಹೊರದಬ್ಬಲೆಂದೇ ತಯಾರಾದ ಮದ್ದಿನ ಪಾಡು ಇದು. ಹಾಗಾಗಿ ಸೀಸದ ಮೂಲದಿಂದ ಮಗುವನ್ನು ದೂರವಿಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಇನ್ನೊಂದು ವಿಪರ್ಯಾಸ ಕೇಳಿ. 2004ರಲ್ಲಿ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ವರದಿ ಬಂತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಹಳದಿ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸಿದ್ದೂ ಪತ್ತೆಯಾಗಿದೆ. ಸೀಸಕ್ಕೆ ಮದ್ದೆಂದು ನುಂಗಿದ್ದರಲ್ಲೇ ಸೀಸ!

ಮಗುವಿಗೆ ಸೀಸ ತಗುಲಿರಬಹುದೆಂಬ ಅನುಮಾನವಿದ್ದರೆ ರಕ್ತಪರೀಕ್ಷೆ ಮಾಡಿಸಿ. ಹೋಗುವಾಗ, ಮಗುವಿಗೆ ಕೊಡುತ್ತಿರುವ ಪುಡಿ, ಲೇಹ್ಯಗಳ ಡಬ್ಬಿಗಳನ್ನೂ ವೈದ್ಯರ ಬಳಿ ಒಯ್ಯಿರಿ. ನಮಸ್ಕಾರ.