ಶಾಹೂ ಮಹಾರಾಜರ ಕೊಲ್ಹಾಪುರ: ಅರಮನೆಯಿಂದ ಬೋರ್ಡಿಂಗ್‌ವರೆಗೆ

ಈಗ ನೀವು ನೋಡ್ತಾ ಇರೋದು ಕೊಲ್ಹಾಪುರದ ನ್ಯೂ ಪ್ಯಾಲೇಸ್. 1877ರಲ್ಲಿ ಕೆಲಸ ಶುರುವಾಗಿ 1884ರಲ್ಲಿ ಮುಗಿದ ಅರಮನೆ. ನಕ್ಷೆ ಹಾಕಿದವರು ಮೇಜರ್ ಚಾರ್ಲ್ಸ್ ಮಾಂಟ್. ಬರೋಡಾದ ಲಕ್ಷ್ಮೀವಿಲಾಸ ಅರಮನೆಯ ನಕ್ಷೆಯೂ ಅವರದೇ. ಆ ಕಪ್ಪು ಕಲ್ಲು ನೋಡಿ, ಎಷ್ಟು ನುಣುಪಾಗಿದೆ. ನಡುವೆ ಗಡಿಯಾರದ ಗೋಪುರ. ಮೇಲಿನ ಮಹಡಿಯಲ್ಲಿ ರಾಜಮನೆತನದವರು ಇಂದಿಗೂ ಇದ್ದಾರೆ. ಕೆಳಗಡೆ ಮ್ಯೂಸಿಯಂ.

ಒಳಗೆ ಕ್ಯಾಮೆರಾ ಬಿಡೋದಿಲ್ಲ, ಹಾಗಾಗಿ ಹೇಳ್ತೀನಿ, ಕೇಳಿ. ಕತ್ತಿ, ಗುರಾಣಿ, ಬೇಟೆಯಾಡಿ ತಂದ ಹುಲಿಗಳು, ಇವೆಲ್ಲ ಇವೆ. ನನಗೆ ಜಾಸ್ತಿ ಇಷ್ಟವಾಗಿದ್ದು ದರ್ಬಾರ್ ಹಾಲ್. ಅಲ್ಲಿನ ಬಣ್ಣದ ಗಾಜಿನ ಮೇಲೆ ಶಿವಾಜಿ ಮಹಾರಾಜರ ಬದುಕಿನ ಚಿತ್ರಗಳಿವೆ. ಬಿಸಿಲು ಆ ಗಾಜು ಹಾಯ್ದು ಒಳಗೆ ಬೀಳುವಾಗ ನೋಡಬೇಕು.

ಈ ಅರಮನೆ ಕಟ್ಟಿ ಮುಗಿದ ವರ್ಷವೇ, ಅಂದರೆ 1884ರಲ್ಲಿ, ಹತ್ತು ವರ್ಷವೂ ತುಂಬದ ಒಬ್ಬ ಹುಡುಗನನ್ನು ಈ ಮನೆತನ ದತ್ತು ತೆಗೆದುಕೊಂಡಿತು. ಹೆಸರು ಯಶವಂತರಾವ್ ಘಾಟ್ಗೆ. ಆತನೇ ಮುಂದೆ ಕೊಲ್ಹಾಪುರ ಆಳಿದ ರಾಜರ್ಷಿ ಶಾಹೂ ಮಹಾರಾಜ. ತಂದೆ ಕಾಗಲ್ ಜಹಗೀರಿನವರು. ನಾವು ನಿಪ್ಪಾಣಿ, ಕೊಗನೊಳ್ಳಿ ದಾಟಿ ಬರುವಾಗ ಮಹಾರಾಷ್ಟ್ರದಲ್ಲಿ ಮೊದಲು ಸಿಗುತ್ತಲ್ಲ, ಅದೇ ಕಾಗಲ್. ತಾಯಿ ರಾಧಾಬಾಯಿ ನಮ್ಮ ಮುಧೋಳದ ರಾಜಮನೆತನದ ಮಗಳು. ಶಾಲೆಯ ಪುಸ್ತಕದಲ್ಲಿ ಶಾಹೂ ಮಹಾರಾಜರ ಪಾಠ ಓದಿದ್ದೆ, ಆದರೆ ಈ ಮುಧೋಳದ ಸಂಬಂಧ ನಮಗೆ ಯಾರೂ ಹೇಳಿರಲಿಲ್ಲ. ಗಡಿಯ ಈ ಕಡೆ ಇರುವ ನಮ್ಮಂಥ ಕನ್ನಡದವರಿಗೆ ಇದನ್ನು ಚಿಕ್ಕಂದಿನಲ್ಲೇ ಹೇಳಬೇಕು ಅಲ್ವಾ?

ಅಲ್ಲಿಂದ ಟೌನ್ ಹಾಲ್ ಮ್ಯೂಸಿಯಂ. ಅರಮನೆ ನೋಡಿದವರು ಇದನ್ನು ಬಿಟ್ಟೇ ಹೋಗುತ್ತಾರೆ. ದಯವಿಟ್ಟು ಬಿಡಬೇಡಿ. ಪಂಚಗಂಗಾ ನದಿ ದಂಡೆಯ ಬ್ರಹ್ಮಪುರಿ ದಿಬ್ಬವನ್ನು 1940ರ ದಶಕದಲ್ಲಿ ಅಗೆದಾಗ ಸಿಕ್ಕ ವಸ್ತುಗಳು ಇಲ್ಲಿವೆ. ಅದರಲ್ಲಿ ಕಂಚಿನ ಒಂದು ಪುಟ್ಟ ಮೂರ್ತಿ. ಗ್ರೀಕರ ಸಮುದ್ರದೇವ ಪೊಸೈಡನ್! ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮ್ ಕಡೆಯ ವ್ಯಾಪಾರದ ಜೊತೆ ಘಟ್ಟ ಹತ್ತಿ ಬಂದದ್ದು. ಅದರ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

ಅಂಬಾಬಾಯಿ ಗುಡಿಯಲ್ಲಿ ಎಂದಿನಂತೆ ಉದ್ದನೆಯ ಸಾಲು. ನಮ್ಮ ಮನೆಗಳಲ್ಲಿ ಕೊಲ್ಲಾಪುರದ ಮಹಾಲಕ್ಷ್ಮಿ ಅಂತಲೇ ಹೇಳೋದು. ಗುಡಿ ಪಡುವಣಕ್ಕೆ ಮುಖ ಮಾಡಿದೆ. ಜನವರಿ ಕೊನೆಗೆ ಮತ್ತು ನವೆಂಬರ್‌ನಲ್ಲಿ ಕೆಲವು ದಿನ, ಮುಳುಗುವ ಸೂರ್ಯನ ಬೆಳಕು ನೇರ ಗರ್ಭಗುಡಿಗೆ ಬಂದು ದೇವಿಯ ಪಾದದಿಂದ ಮೇಲಕ್ಕೇರುತ್ತದೆ. ಅದೇ ಕಿರಣೋತ್ಸವ. ಗುಡಿಯ ಹತ್ತಿರವೇ ಹಳೇ ಅರಮನೆ, ಭವಾನಿ ಮಂಟಪ. ಸಂಜೆಗೆ ರಂಕಾಳ ಕೆರೆ, ಅದರ ದಂಡೆಯಲ್ಲಿ 1930ರ ದಶಕದ ಶಾಲಿನಿ ಪ್ಯಾಲೇಸ್. ಒಂದು ಕಾಲಕ್ಕೆ ಹೋಟೆಲ್ ಆಗಿತ್ತು. ಹೊರಗಿನಿಂದ ಚಂದ ಕಾಣುತ್ತದೆ.

ನಾನು ನಿಮಗೆ ನಿಜವಾಗಿ ತೋರಿಸಬೇಕು ಅಂತಿದ್ದ ಜಾಗ ಇದು. ಖಾಸಬಾಗ್ ಕುಸ್ತಿ ಮೈದಾನ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಅಂತ ಶಾಹೂ ಮಹಾರಾಜರು ಇಂಗ್ಲೆಂಡಿಗೆ ಹೋಗಿದ್ದರು. ಆ ಪ್ರವಾಸದಲ್ಲಿ ರೋಮ್‌ನ ಕೊಲೋಸಿಯಂ ನೋಡಿದರು. ಊರಿಗೆ ಬಂದ ಮೇಲೆ ಅಂಥದೇ ದುಂಡನೆಯ ಮೈದಾನ ಕಟ್ಟಿಸಿದರು, ಅದೂ ಕುಸ್ತಿಗೆ! 1912ರಲ್ಲಿ ತಯಾರಾಯಿತು. ನಡುವೆ ಕೆಮ್ಮಣ್ಣಿನ ಕಣ, ಸುತ್ತಲೂ ಏರುತ್ತಾ ಹೋಗುವ ಸಾಲುಗಳು. ಯಾವ ಮೂಲೆಯಲ್ಲಿ ಕೂತರೂ ಪೈಲ್ವಾನರು ಕಾಣುತ್ತಾರೆ. ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ, ಲಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆಯ ಹುಡುಗರು ಇಲ್ಲಿನ ತಾಲೀಮುಗಳಿಗೆ ಬಂದು ಸೇರುವುದು ಇವತ್ತಿಗೂ ಇದೆ.

ಮೈದಾನಕ್ಕೆ ಅಂಟಿಕೊಂಡೇ ಮಹಾರಾಜರು ಒಂದು ನಾಟಕ ಮಂದಿರವನ್ನೂ ಕಟ್ಟಿಸಿದ್ದರು. ಆಗ ಪ್ಯಾಲೇಸ್ ಥಿಯೇಟರ್, ಆಮೇಲೆ ನಟ-ಗಾಯಕ ಕೇಶವರಾವ್ ಭೋಸಲೆ ಅವರ ಹೆಸರು. 2024ರ ಆಗಸ್ಟ್ 8ರ ರಾತ್ರಿ ಅದು ಬೆಂಕಿಗೆ ಸಿಕ್ಕಿತು. ಮರುದಿನ ಭೋಸಲೆಯವರ ಜಯಂತಿ. ಆ ಸುದ್ದಿ ಟಿವಿಯಲ್ಲಿ ನೋಡಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಸಂಗೀತದಲ್ಲಂತೂ ಈ ಊರಿನ ಋಣ ನಮ್ಮ ಮೇಲೆ ದೊಡ್ಡದು. ಹಿಂದೂಸ್ತಾನಿ ಗಾಯಕ ಅಲ್ಲಾದಿಯಾ ಖಾನರನ್ನು ಆಸ್ಥಾನಕ್ಕೆ ಕರೆಸಿಕೊಂಡವರು ಶಾಹೂ ಮಹಾರಾಜರೇ. ಆ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನ್ ಅವರ ಹತ್ತಿರ ಕಲಿತವರು ನಮ್ಮ ಮಲ್ಲಿಕಾರ್ಜುನ ಮನ್ಸೂರರು.

ಇಲ್ಲಿಂದ ಮುಂದೆ ನನ್ನ ಜೊತೆ ಕಾಕಾ ಬಂದರು. ಗಡಹಿಂಗ್ಲಜ ಹತ್ತಿರದ ನಮ್ಮ ಹಳ್ಳಿಯಿಂದ ಹುಡುಗರಿದ್ದಾಗಲೇ ಇಲ್ಲಿ ಬಂದು, ಬೋರ್ಡಿಂಗ್‌ನಲ್ಲಿದ್ದು ಓದಿದವರು. ಶಾಹೂ ಮಹಾರಾಜರು ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಮರಾಠರಿಗೆ, ದಲಿತರಿಗೆ, ಹೀಗೆ ಒಂದೊಂದು ಸಮಾಜದ ಮಕ್ಕಳಿಗೂ ಬೋರ್ಡಿಂಗ್ ಶುರುವಾಗಲು ಜಾಗ, ಹಣ ಕೊಟ್ಟರು. “ಕಾಕಾ, ಬೋರ್ಡಿಂಗ್ ಇರದಿದ್ರ ನೀವು ಏನ್ ಮಾಡ್ತಿದ್ರಿ?” ಅಂತ ಕೇಳಿದೆ. “ಏನ್ ಮಾಡ್ತಿದ್ದೆ ತಂಗಿ, ದನಾ ಕಾಯ್ತಿದ್ದೆ” ಅಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ನಡೆದೆವು.

1902ರ ಜುಲೈ 26ರಂದು ಹೊರಟ ಆದೇಶದಲ್ಲಿ ಹಿಂದುಳಿದವರಿಗೆ ಸಂಸ್ಥಾನದ ನೌಕರಿಯಲ್ಲಿ ಶೇಕಡಾ 50 ಮೀಸಲು. ಮಹಾರಾಜರು ಆಗ ಇನ್ನೂ ವಿಲಾಯಿತಿಯಲ್ಲೇ ಇದ್ದರು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ, ಅದೂ ಉಚಿತ. 1920ರಲ್ಲಿ ಮಾಣಗಾವ್‌ನಲ್ಲಿ ನಡೆದ ದಲಿತರ ಪರಿಷತ್ತಿನಲ್ಲಿ ಅಂಬೇಡ್ಕರರ ಪಕ್ಕದಲ್ಲಿ ನಿಂತು, ಇವರೇ ನಿಮ್ಮ ನಾಯಕರು ಅಂತ ಜನರಿಗೆ ಹೇಳಿದರು.

ಕಾಕಾ ನನ್ನನ್ನು ಭಾವುಸಿಂಗಜಿ ರಸ್ತೆಗೆ ಕರೆದುಕೊಂಡು ಹೋದರು. ಗಂಗಾರಾಮ್ ಕಾಂಬಳೆ ಅಂತ ಅರಮನೆಯ ಲಾಯದಲ್ಲಿ ಕೆಲಸ ಮಾಡುತ್ತಿದ್ದ ದಲಿತರೊಬ್ಬರು. ನೀರಿನ ತೊಟ್ಟಿ ಮುಟ್ಟಿದರು ಅಂತ ಅವರನ್ನು ಹೊಡೆದಿದ್ದರು. ವಿಷಯ ತಿಳಿದ ಮಹಾರಾಜರು ಅವರಿಗೆ ಹೋಟೆಲ್ ಇಡಲು ನೆರವಾದರು. ಜನ ಬರಲಿಲ್ಲ. ಆಗ ಮಹಾರಾಜರೇ ಗಾಡಿ ನಿಲ್ಲಿಸಿ, ಎಲ್ಲರ ಎದುರು ಅಲ್ಲಿ ಚಹಾ ಕುಡಿದರು. ಜೊತೆಗಿದ್ದವರಿಗೂ ಕುಡಿಸಿದರು. ಅರಮನೆಯ ಗಾಜಿಗಿಂತ, ಗೋಪುರಕ್ಕಿಂತ ನನಗೆ ಈ ರಸ್ತೆ ದೊಡ್ಡದು ಅನ್ನಿಸಿತು. ಕೊಲ್ಹಾಪುರಕ್ಕೆ ಬಂದರೆ ಇಲ್ಲಿಗೂ ಬನ್ನಿ.

ನಿಮ್ಮ ಮನೆಯಲ್ಲೂ ಕೊಲ್ಹಾಪುರದ ಬೋರ್ಡಿಂಗ್‌ನಲ್ಲಿದ್ದು ಓದಿದ ಅಜ್ಜ, ಕಾಕಾ, ಮಾಮಾ ಯಾರಾದರೂ ಇದ್ದರೆ ಅವರ ಮಾತನ್ನು ಫೋನಿನಲ್ಲಾದರೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ನಾನು ಕಾಕಾನದು ಶುರು ಮಾಡಿದ್ದೀನಿ.