ಕುದಿಯೋ ನೀರು ಮಂಜುಗಡ್ಡೆ ಆದರೆ? ಒದ್ದೆ ಯುರೇನಿಯಂ ಒಣಗಿಸೋ ಕಥೆ

ನಮಸ್ಕಾರ. ನಮ್ಮ ವೀಕ್ಷಕರೊಬ್ಬರ ಪ್ರಶ್ನೆ: "ಬಳಸಿದ ಅಣು ಇಂಧನವನ್ನ ವರ್ಷಗಟ್ಟಲೆ ನೀರಲ್ಲಿ ಮುಳುಗಿಸಿ ಇಡ್ತಾರಲ್ಲ, ಹೊರಗೆ ತೆಗೆದಮೇಲೆ ಒಣಗಿಸ್ತಾರಾ?" ಓದಿ ನಕ್ಕುಬಿಟ್ಟೆ. ಆಮೇಲೆ ಗೊತ್ತಾಯ್ತು, ಅಮೆರಿಕದಲ್ಲಿ ಬರೀ ಒಣಗಿಸೋಕೆ ಅಂತಲೇ ಒಂದು ಕಟ್ಟಡ ಎಬ್ಬಿಸಿದ್ರು!

ನೀರಲ್ಲಿ ಯಾಕಿಡ್ತಾರೆ? ಬಿಸಿ ಇಳಿಯೋಕೆ, ವಿಕಿರಣ ತಡೆಯೋಕೆ. ಅಷ್ಟೇ, ಮುಂದೆ ಹೋಗೋಣ.

ಜಾಗ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್, ಕೊಲಂಬಿಯಾ ನದಿ ಪಕ್ಕ. ಅಲ್ಲಿನ ಎನ್ ರಿಯಾಕ್ಟರ್ ಅನ್ನೋ ಅಣು ಸ್ಥಾವರ 1987ರಲ್ಲಿ ನಿಂತಿತು. ಸುಮಾರು 2,100 ಟನ್ ಇಂಧನ ಕೆ ಬೇಸಿನ್ ಅನ್ನೋ ಎರಡು ಹಳೇ ಕೊಳಗಳಲ್ಲಿ ಉಳೀತು. ನಮ್ಮ ಕೈಗಾದಲ್ಲಿ ಬಳಸೋದು ಯುರೇನಿಯಂ ಆಕ್ಸೈಡ್, ಪಿಂಗಾಣಿ ಥರದ ಬಿಲ್ಲೆ. ಅದು ನೀರಿಗೆ ಸುಲಭಕ್ಕೆ ಜಗ್ಗಲ್ಲ. ಹ್ಯಾನ್‌ಫರ್ಡ್‌ದು ಅಪ್ಪಟ ಯುರೇನಿಯಂ ಲೋಹ. ಹೊರಗಿನ ಜಿರ್ಕೋನಿಯಂ ಕವಚ ಒಡೆದ ಕಡೆಯೆಲ್ಲ ನೀರು ನುಗ್ಗಿ ತುಕ್ಕು. ಆ ತುಕ್ಕು ಲೋಹದ ಸುಮಾರು ಎರಡರಷ್ಟು ಜಾಗ ಬೇಡುತ್ತೆ, ಹಾಗಾಗಿ ಕವಚ ಇನ್ನಷ್ಟು ಸೀಳುತ್ತೆ. ಜೊತೆಗೆ ಹೈಡ್ರೋಜನ್ ಹುಟ್ಟುತ್ತೆ, ಅದು ಯುರೇನಿಯಂ ಜೊತೆ ಸೇರಿ ಯುರೇನಿಯಂ ಹೈಡ್ರೈಡ್ ಆಗುತ್ತೆ. ಇದರ ಪುಡಿ ಗಾಳಿ ಸೋಕಿದರೆ ಸಾಕು, ತಾನೇ ಹೊತ್ತಿಕೊಳ್ಳಬಹುದು.

"ಕಾಯಿಸಿ ಒಣಗಿಸಿ, ಅದೇನ್ ದೊಡ್ಡ ವಿಷಯ?" ಅಂತೀರಾ? ಬಿಸಿ ಏರಿದಷ್ಟೂ ನೀರು ಯುರೇನಿಯಂ ಅನ್ನ ಬೇಗ ತಿನ್ನುತ್ತೆ, ತಿನ್ನುವಾಗ ಇನ್ನಷ್ಟು ಬಿಸಿ ಹುಟ್ಟುತ್ತೆ. ಅದಕ್ಕೇ ಇಂಧನವನ್ನ ಉದ್ದನೆಯ ಉಕ್ಕಿನ ಡಬ್ಬಿಗೆ ತುಂಬಿ, ಬರೀ 50 ಡಿಗ್ರಿ ಆಸುಪಾಸಲ್ಲಿ ಇಟ್ಟು, ಪಂಪ್ ಹಚ್ಚಿ ಒಳಗೆ ನಿರ್ವಾತ ಮಾಡಿದ್ರು. ಒತ್ತಡ ಇಳಿದರೆ ನೀರು ಉಗುರುಬೆಚ್ಚಗಿದ್ದಾಗಲೇ ಕುದಿಯುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಪಂಪ್ ಆತುರ ಮಾಡಿದರೆ ನೀರು ಕುದೀತಾ ಕುದೀತಾನೇ ಮಂಜುಗಡ್ಡೆ ಆಗುತ್ತೆ! ಬೇಸಿಗೆಯ ಮಣ್ಣಿನ ಮಡಕೆ ನೆನಪಿಸಿಕೊಳ್ಳಿ. ಮೈಮೇಲೆ ಜಿನುಗಿದ ನೀರು ಆವಿಯಾಗಿ ಹೋಗ್ತಾ ಶಾಖವನ್ನೂ ಹೊತ್ತೊಯ್ಯುತ್ತೆ, ಒಳಗಿನ ನೀರು ತಣ್ಣಗಾಗುತ್ತೆ. ಇಲ್ಲೂ ಅದೇ ಮಡಕೆ, ಆದರೆ ಹುಚ್ಚು ವೇಗದಲ್ಲಿ. ಪಾದರಸದ 4.6 ಮಿಲಿಮೀಟರ್‌ಗಿಂತ (ಸಾಮಾನ್ಯ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲೂ ಇಲ್ಲ) ಒತ್ತಡ ಕೆಳಗಿಳಿದರೆ ನೀರು ದ್ರವವಾಗಿ ನಿಲ್ಲೋದೇ ಇಲ್ಲ: ಒಂದೋ ಆವಿ, ಇಲ್ಲಾಂದ್ರೆ ಗಡ್ಡೆ. ಬಿರುಕಿನ ಬಾಯಲ್ಲೇ ಗಡ್ಡೆ ಕೂತರೆ ಹಿಂದಿನ ನೀರು ಒಳಗೇ ಬಂದಿ. ಒತ್ತಡ ಅಳೆಯೋ ಮೀಟರ್ ಮಾತ್ರ "ಎಲ್ಲಾ ಒಣಗಿದೆ ಸ್ವಾಮಿ" ಅನ್ನುತ್ತೆ. ಅದಕ್ಕೆ ಡಬ್ಬಿಯ ಸುತ್ತ ಬೆಚ್ಚನೆ ನೀರು ಹರಿಸ್ತಾನೇ ಇರಬೇಕು. ಕೊನೆಗೆ ಪಂಪ್ ಕಡೆಯ ದಾರಿ ಮುಚ್ಚಿ ಕಾಯ್ತಾರೆ. ಒತ್ತಡ ಮತ್ತೆ ಏರಿದರೆ ಒಳಗೆ ಇನ್ನೂ ತೇವ ಇದೆ ಅಂತ. ಅಜ್ಜಿ ಹಪ್ಪಳ ಮುರಿದು ನೋಡ್ತಿದ್ದರಲ್ಲ, ಹಾಗೆ.

ಟೈಮ್ ಆಯ್ತು, ಉಳಿದಿದ್ದು ಓಡಿಸ್ತೀನಿ. ಒಣಗಿದ ಡಬ್ಬಿಗೆ ಯಾವುದರ ಜೊತೆಯೂ ಸೇರದ ಹೀಲಿಯಂ ಅನಿಲ ತುಂಬಿ ನೆಲಮಟ್ಟದ ಕೆಳಗಿನ ಕಾಂಕ್ರೀಟ್ ಕೋಣೆಗೆ ಸೇರಿಸಿದ್ರು. ತುಕ್ಕಿನ ಒಳಗೇ ಅಂಟಿಕೊಂಡ ಒಂದಿಷ್ಟು ನೀರು ಹೇಗೂ ಉಳಿಯುತ್ತೆ, ವಿಕಿರಣ ಅದನ್ನ ಒಡೆದು ಹೈಡ್ರೋಜನ್ ಮಾಡುತ್ತೆ. ಡಬ್ಬಿ ಆ ಒತ್ತಡ ತಡೆಯೋ ಹಾಗೇ ಮಾಡಿದ್ದಾರೆ. 2000ದ ಡಿಸೆಂಬರಲ್ಲಿ ಶುರುವಾದ ಸಾಗಾಟ 2004ಕ್ಕೆ ಮುಗೀತು. ಕೊಳದ ತಳದ ತುಕ್ಕಿನ ಕೆಸರು? ಅದನ್ನ ನದಿ ಪಕ್ಕದಿಂದ ಸಾಗಿಸಿ ಮುಗಿಸೋ ಹೊತ್ತಿಗೆ 2019. ಅದಕ್ಕೆ ಬೇರೇನೇ ವಿಡಿಯೋ ಬೇಕು.