ಮರುಬೂಟ್ ಆದ ಮೇಲೆ ಉಳಿಯದ ಲಾಗ್

ಸ್ನೇಹಿತರೇ,

ಸರ್ವರ್ ನೋಡಿಕೊಳ್ಳುವ ಇಬ್ಬರು ಒಂದೆಡೆ ಸೇರಿದರೆ ಲಿನಕ್ಸ್ ಏಳುವಾಗ ಪ್ರೋಗ್ರಾಂಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿಯ (systemd) ಮಾತು ಬಂದೇ ಬರುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಹೊಸದನ್ನು ಕಲಿಯಲೊಲ್ಲದ ಹಳಬರ ಗೊಣಗಾಟ ಎಂದು ಅದನ್ನು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಹಳೆಯದೇ ಚೆನ್ನಾಗಿತ್ತು ಎಂದೂ ಹೇಳಲಾರೆ. ಆಗ ಪ್ರತಿ ಸರ್ವಿಸ್‌ಗೂ, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗೂ, ಅದನ್ನು ಶುರುಮಾಡಿ ನಿಲ್ಲಿಸುವ ಆದೇಶಗಳ ಒಂದು ಶೆಲ್ ಸ್ಕ್ರಿಪ್ಟ್ ಇರುತ್ತಿತ್ತು. ಪ್ರೋಗ್ರಾಂ ಓಡುವಾಗ ತನಗೆ ಸಿಕ್ಕ ಪ್ರಾಸೆಸ್ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು, ನಿಲ್ಲಿಸುವಾಗ ಸ್ಕ್ರಿಪ್ಟ್ ಆ ಸಂಖ್ಯೆಯನ್ನೇ ನಂಬುತ್ತಿತ್ತು. ಅಷ್ಟರಲ್ಲಿ ಆ ಸಂಖ್ಯೆ ಬೇರೆಯದಕ್ಕೆ ಹೋಗಿದ್ದರೆ ಸಂಬಂಧವೇ ಇಲ್ಲದ ಪ್ರೋಗ್ರಾಂ ಸಾಯುತ್ತಿತ್ತು. 2010ರಲ್ಲಿ ಲೆನಾರ್ಟ್ ಪೋಟ್ಟರಿಂಗ್ ಮತ್ತು ಕೇ ಸೀವರ್ಸ್ ಮುಂದಿಟ್ಟ ಸಿಸ್ಟಂಡಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿರುವ, ಪ್ರಾಸೆಸ್‌ಗಳನ್ನು ಗುಂಪುಗೂಡಿಸುವ ಸಿಗ್ರೂಪ್ ಬಳಸಿ ಒಂದು ಸರ್ವಿಸ್‌ನಿಂದ ಹುಟ್ಟಿದ ಎಲ್ಲವನ್ನೂ ಒಂದೇ ಗುಂಪಿನಲ್ಲಿ ಹಿಡಿದಿಟ್ಟಿತು. ಅದು ದೊಡ್ಡ ಉಪಕಾರ. 2011ರಲ್ಲಿ ಫೆಡೋರಾ ಎಂಬ ಲಿನಕ್ಸ್ ವಿತರಣೆ ಅದನ್ನು ಒಪ್ಪಿಕೊಂಡಿತು. 2014ರಲ್ಲಿ ಡೆಬಿಯನ್ ಎಂಬ ಇನ್ನೊಂದು ವಿತರಣೆಯ ತಾಂತ್ರಿಕ ಸಮಿತಿ ಸರಿಸಮವಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಂಡಿಯ ಪರ ತೀರ್ಮಾನವಾಯಿತು. ಒಪ್ಪದವರು ಸಿಸ್ಟಂಡಿ ಇಲ್ಲದ ಡೆವುವಾನ್ ಎಂಬ ವಿತರಣೆ ಕಟ್ಟಿಕೊಂಡರು.

ನಮ್ಮ ನೋವಿರುವುದು ಹೆಸರುಗಳಲ್ಲಿ, ಮತ್ತು ಯಾರೂ ಕೇಳದೆ ಮೊದಲೇ ಇಟ್ಟಿರುವ ಹೊಂದಿಕೆಗಳಲ್ಲಿ. ಬೂಟ್ ಆಗುವಾಗಿನ ಹಂತವೊಂದನ್ನು ಸಿಸ್ಟಂಡಿ ಟಾರ್ಗೆಟ್ ಎನ್ನುತ್ತದೆ. 'ನೆಟ್‌ವರ್ಕ್ ಟಾರ್ಗೆಟ್' ಎಂಬುದೊಂದಿದೆ. ಸರ್ವಿಸ್‌ನ ಹೊಂದಿಕೆ ಫೈಲಿನಲ್ಲಿ ಅದರ ನಂತರ ಶುರುವಾಗು ಎಂದು ಬರೆದರೆ, ನೆಟ್‌ವರ್ಕ್ ಸಿದ್ಧವಾದ ಮೇಲೆ ಎಂದೇ ಯಾರಾದರೂ ಓದುತ್ತಾರೆ. ಹಾಗಲ್ಲ. ನೆಟ್‌ವರ್ಕ್ ನಿರ್ವಹಿಸುವ ಪ್ರೋಗ್ರಾಂ ಎದ್ದಿದೆ ಎಂದಷ್ಟೇ ಅದರ ಅರ್ಥ. ಐಪಿ ವಿಳಾಸ ಬಂದಿರಬೇಕೆಂದರೆ 'ನೆಟ್‌ವರ್ಕ್ ಆನ್‌ಲೈನ್' ಎಂಬ ಇನ್ನೊಂದು ಟಾರ್ಗೆಟ್ ಬೇಕು, ಅದನ್ನು ಎರಡು ಸಾಲುಗಳಲ್ಲಿ ಕೇಳಬೇಕು: ಒಂದು ಅದನ್ನು ಎಳೆದು ತರಲು, ಇನ್ನೊಂದು ಅದಕ್ಕಾಗಿ ಕಾಯಲು.

ಇದನ್ನು ನಾನು ಕಲಿತದ್ದು ಒಂದು ರಾತ್ರಿ. ವಿದ್ಯುತ್ ಹೋಗಿ ಬಂದ ಮೇಲೆ ಡೇಟಾಬೇಸ್ ಏಳಲಿಲ್ಲ. ತಾನು ಕೋರಿಕೆಗಳಿಗೆ ಕಿವಿಗೊಡಬೇಕಾದ ಐಪಿ ವಿಳಾಸ ಇನ್ನೂ ಬಂದಿರಲಿಲ್ಲ. ವಿಫಲವಾದರೆ ಮತ್ತೆ ಶುರುಮಾಡು ಎಂದು ನಾವು ಬರೆದಿದ್ದೆವು, ಹೌದು. ಆದರೆ ಎರಡು ಪ್ರಯತ್ನಗಳ ನಡುವಿನ ಬಿಡುವು ತಾನಾಗಿಯೇ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ, ಹತ್ತು ಸೆಕೆಂಡಿನಲ್ಲಿ ಐದು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ. ಐದೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿದವು, ಸಿಸ್ಟಂಡಿ ಕೈಬಿಟ್ಟಿತು. ಗಾಬರಿಗೊಂಡ ಸಹೋದ್ಯೋಗಿ ಸರ್ವರನ್ನು ಮರುಬೂಟ್ ಮಾಡಿದರು. ಈ ಸಲ ವಿಳಾಸ ಬೇಗ ಬಂತು, ಡೇಟಾಬೇಸ್ ಎದ್ದಿತು. ನಾನು ಕಾರಣ ಹುಡುಕಲು ಕುಳಿತಾಗ, ಏನೇನಾಯಿತೆಂಬ ದಾಖಲೆಯಾದ ಲಾಗ್ ಇರಲಿಲ್ಲ. ಆ ಸರ್ವರ್‌ನಲ್ಲಿ ಬೇರೆ ಲಾಗ್ ಪ್ರೋಗ್ರಾಂ ಹಾಕಿರಲಿಲ್ಲ, ಸಿಸ್ಟಂಡಿಯದೇ ಲಾಗ್ ಆದ ಜರ್ನಲ್ ಮೆಮೊರಿಯಲ್ಲಷ್ಟೇ ಇತ್ತು, ಮರುಬೂಟ್‌ನೊಂದಿಗೆ ಅಳಿಸಿಹೋಯಿತು. ಅಂದಿನ ಮೂಲ ಹೊಂದಿಕೆಯಲ್ಲಿ, ಒಂದು ಡೈರೆಕ್ಟರಿ ಇಲ್ಲದಿದ್ದರೆ ಅದು ಡಿಸ್ಕಿಗೆ ಬರೆಯುತ್ತಲೇ ಇರಲಿಲ್ಲ, ಬರೆಯುತ್ತಿಲ್ಲ ಎಂದು ಎಚ್ಚರಿಸುತ್ತಲೂ ಇರಲಿಲ್ಲ. ತಿಂಗಳ ನಂತರ ಅದೇ ತೊಂದರೆ ಮರುಕಳಿಸಿದಾಗಲೇ ನಮಗೆ ಕಾರಣ ಗೊತ್ತಾದದ್ದು.

ಕೈಪಿಡಿಯಲ್ಲಿ ಇದೆಲ್ಲ ಇದೆ, ಓದಬೇಕಿತ್ತು ಎನ್ನುತ್ತಾರೆ. ಇದೆ, ನಿಜ. ಆದರೆ ಹೆಸರೊಂದು ಹೇಳಿ ಕೆಲಸವೊಂದು ಮಾಡುವ ವಸ್ತುವನ್ನು ಅನುಮಾನಿಸಬೇಕೆಂದು ಓದುಗನಿಗೆ ಹೊಳೆಯುವುದಾದರೂ ಹೇಗೆ? 2016ರ ಒಂದು ಆವೃತ್ತಿ, ಬಳಕೆದಾರ ಲಾಗ್‌ಔಟ್ ಆದೊಡನೆ ಅವನ ಎಲ್ಲ ಪ್ರಾಸೆಸ್‌ಗಳನ್ನೂ ಕೊಲ್ಲುವುದನ್ನೇ ತನ್ನ ಮೂಲ ಹೊಂದಿಕೆಯಾಗಿಸಿತು. ರಾತ್ರಿಯಿಡೀ ನಡೆಯಲೆಂದೇ ಲಾಗ್‌ಔಟ್ ಆದ ಮೇಲೂ ಕೆಲಸವನ್ನು ಓಡಿಸುತ್ತಿರುವ ಸ್ಕ್ರೀನ್, ಟಿಮಕ್ಸ್ ಎಂಬ ಪ್ರೋಗ್ರಾಂಗಳಲ್ಲಿ ಬಿಟ್ಟುಹೋದ ಕೆಲಸಗಳೂ ಅದರಲ್ಲಿ ಸೇರಿದ್ದವು. ದಶಕಗಳ ರೂಢಿಯೊಂದನ್ನು ಹೀಗೆ ತಲೆಕೆಳಗು ಮಾಡುವಾಗ ಅದನ್ನು ನೆಚ್ಚಿಕೊಂಡವರನ್ನು ಕೇಳಬೇಕಿತ್ತು.

ಆ ರಾತ್ರಿಯ ನಂತರ, ಯಾವ ಹೊಸ ಸರ್ವರ್ ಕೈಗೆ ಬಂದರೂ ನಾನು ಮೊದಲು ಜರ್ನಲ್‌ನ ಡೈರೆಕ್ಟರಿ ಸೃಷ್ಟಿಸಿ, ಒಮ್ಮೆ ಮರುಬೂಟ್ ಮಾಡಿ, ಹಿಂದಿನ ಬೂಟ್‌ನ ಲಾಗ್ ತೆರೆದು ನೋಡುತ್ತೇನೆ. ಅದು ಕಣ್ಣಿಗೆ ಕಂಡ ಮೇಲೆಯೇ ಮುಂದಿನ ಕೆಲಸ.